ಬೇಟೆಯ ಚೂರಿ: ಮಿತವ್ಯಯದ ಆಯ್ಕೆ

ಅಮೆರಿಕದ ವಿಸ್ಕಾನ್ಸಿನ್, ಮಿನ್ನೆಸೋಟ, ಪೆನ್ಸಿಲ್ವೇನಿಯ ಮೊದಲಾದ ರಾಜ್ಯಗಳಲ್ಲಿ ನವೆಂಬರ್ ತಿಂಗಳು ಬಂತೆಂದರೆ, ಸರ್ಕಾರದ ಪರವಾನಗಿಯನ್ನು ಪಡೆದು, ಇಂತಿಷ್ಟೇ ಪ್ರಾಣಿಗಳೆಂಬ ಕಟ್ಟಳೆಗೆ ಒಳಪಟ್ಟ ಜನರು, ಕಿತ್ತಳೆಯ ಬಣ್ಣದ ಮೇಲಂಗಿಯನ್ನು ತೊಟ್ಟು, ಬಿಳಿಬಾಲದ ಜಿಂಕೆಯ ಬೇಟೆಗಾಗಿ ಕಾಡನ್ನು ಹೊಗುತ್ತಾರೆ. ಇವರಲ್ಲಿ ಹೊಸಬರಾದವರು ತಮ್ಮ ಆಲೋಚನೆಯನ್ನೆಲ್ಲ ಬಂದೂಕಿಗೂ ಗುರಿಗೂ ಮೀಸಲಿಟ್ಟು, ಪ್ರಾಣಿಯು ನೆಲಕ್ಕೆ ಬಿದ್ದ ಬಳಿಕ ಆರಂಭವಾಗುವ ಕೆಲಸಕ್ಕೆ ಬೇಕಾದ ಚೂರಿಯನ್ನು ಮಾತ್ರ, ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಅದು ಹೊಳೆಯುವ ರೀತಿಯನ್ನು ನೋಡಿಯೇ ಕೊಂಡುಬಿಡುವುದುಂಟು. ಆದರೆ ಆ ಮಾಂಸವು ಮನೆಯ ಊಟಕ್ಕೆ ಒದಗುವುದೋ, ಕಾಡಿನಲ್ಲಿಯೇ ಕೆಟ್ಟುಹೋಗುವುದೋ ಎಂಬುದು ಬಹುಮಟ್ಟಿಗೆ ನಿಶ್ಚಯವಾಗುವುದು ಆ ಬಳಿಕದ ಒಂದೆರಡು ಗಂಟೆಗಳಲ್ಲಿ. ಮತ್ತು ಒಂದು ಜೀವವನ್ನು ತೆಗೆದವನು ಅದರ ಮಾಂಸವನ್ನು ಅಜಾಗ್ರತೆಯಿಂದ ಕೆಡಲು ಬಿಡುವುದಕ್ಕಿಂತ ಹೆಚ್ಚಿನ ಅಪರಾಧವು ಬೇಟೆಯಲ್ಲಿ ಇಲ್ಲವೆಂದೇ ನನ್ನ ಭಾವನೆ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿರುವುದರಿಂದಲೂ, ನಮ್ಮ ಕಾಡುಗಳ ಇಂದಿನ ಸ್ಥಿತಿಯಲ್ಲಿ ಆ ನಿಷೇಧವು ಸರ್ವಥಾ ಉಚಿತವಾದುದರಿಂದಲೂ, ಇಲ್ಲಿ ಹೇಳುವ ಮಾತುಗಳು ಬೇಟೆಯು ನ್ಯಾಯಸಮ್ಮತವಾಗಿರುವ ಉತ್ತರ ಅಮೆರಿಕ, ಸ್ವೀಡನ್, ಫಿನ್ಲೆಂಡ್ ಮೊದಲಾದ ನಾಡುಗಳಿಗೆ ಮಾತ್ರ ಅನ್ವಯಿಸತಕ್ಕವು. ಒಂದು ಕಾಲದಲ್ಲಿ ಬೇಟೆಗೆ ಹೆಸರಾಗಿದ್ದ ಕೊಡಗಿನಲ್ಲಿ ಕೂಡ ಪೀಚೆಕತ್ತಿಯು ಈಗ ಉಡುಗೆಯ ಗೌರವವಾಗಿಯೂ, ಒಡಿಕತ್ತಿಯು ಮದುವೆಯಲ್ಲಿ ಬಾಳೆಯ ದಿಂಡನ್ನು ಕಡಿಯುವ ಶಾಸ್ತ್ರದ ಆಯುಧವಾಗಿಯೂ ಉಳಿದಿವೆ. ಹೊರದೇಶಗಳಲ್ಲಿ ನೆಲೆಸಿ, ಅಲ್ಲಿಯ ಬೇಟೆಯ ಶಿಕ್ಷಣ ತರಗತಿಯನ್ನು ಮುಗಿಸಿ, ಅಲ್ಲಿಯ ನೆರೆಹೊರೆಯವರೊಡನೆ ಕಾಡಿಗೆ ಹೋಗುವ ಕನ್ನಡಿಗರನ್ನೂ, ಲೋಹದ ವಿಚಾರದಲ್ಲಿ ಸಹಜವಾದ ಕುತೂಹಲವುಳ್ಳ ಓದುಗರನ್ನೂ ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ.

ಚೂರಿಯನ್ನು ಆರಿಸುವುದಕ್ಕೆ ಮೊದಲು ಅದು ಮಾಡಬೇಕಾದ ಕೆಲಸವನ್ನು ಕಣ್ಣಿಗೆ ಕಟ್ಟಿಕೊಳ್ಳಬೇಕು. ಬದುಕಿದ್ದ ಜಿಂಕೆಯ ದೇಹದ ಉಷ್ಣತೆಯು ಸುಮಾರು 39 ಡಿಗ್ರಿ ಸೆಲ್ಸಿಯಸ್. ಮಾಂಸವು ಕೆಡದೆ ಉಳಿಯಬೇಕಾದರೆ ಅದು ಸಾಧ್ಯವಾದಷ್ಟು ಬೇಗನೆ 4 ಡಿಗ್ರಿಗಿಂತ ಕೆಳಕ್ಕೆ ಇಳಿಯಬೇಕು. ದಟ್ಟವಾದ ಚಳಿಗಾಲದ ರೋಮವು ಹೊರಗಿನಿಂದ ಶಾಖವನ್ನು ಹಿಡಿದಿಟ್ಟಿರುತ್ತದೆ. ಒಳಗೆ, ಮೆಲುಕುಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ, ಹುದುಗುವಿಕೆಯು ಪ್ರಾಣ ಹೋದ ಮೇಲೆಯೂ ನಿಲ್ಲದೆ ನಡೆಯುತ್ತಿರುತ್ತದೆ. ಆದುದರಿಂದ ಬಿದ್ದ ಸ್ಥಳದಲ್ಲಿಯೇ ಹೊಟ್ಟೆಯನ್ನು ಸೀಳಿ, ಕರುಳು, ಜಠರ, ಶ್ವಾಸಕೋಶಾದಿಗಳನ್ನು ಹೊರತೆಗೆದು, ಒಳಭಾಗಕ್ಕೆ ತಣ್ಣನೆಯ ಗಾಳಿಯಾಡುವಂತೆ ಹಸನುಮಾಡುವುದು ಅನಿವಾರ್ಯ. ಈ ಕೆಲಸದಲ್ಲಿ ಬಲಕ್ಕಿಂತ ಸೂಕ್ಷ್ಮತೆಗೆ ಪ್ರಾಧಾನ್ಯ ಹೆಚ್ಚು.

ಬೇಟೆಗಾರನು ಪ್ರಾಣಿಯನ್ನು ಅಂಗಾತ ಮಲಗಿಸಿ, ಹೊಟ್ಟೆಯ ಕೆಳಭಾಗದಲ್ಲಿ ಚರ್ಮವನ್ನು ಚಿಟಿಕೆಯಲ್ಲಿ ಮೇಲಕ್ಕೆತ್ತಿ, ಬೆರಳು ತೂರುವಷ್ಟು ಸಣ್ಣ ಸೀಳನ್ನು ಮಾಡುತ್ತಾನೆ. ಆಮೇಲೆ ಎಡಗೈಯ ತೋರುಬೆರಳನ್ನೂ ನಡುಬೆರಳನ್ನೂ ಆ ಸೀಳಿನೊಳಗೆ ಇಳಿಸಿ, ಅವೆರಡನ್ನೂ ಅಗಲಿಸಿ ಹಿಡಿದು, ಅವುಗಳ ನಡುವೆ ಚೂರಿಯನ್ನು ಹರಿತವಾದ ಬಾಯಿ ಮೇಲ್ಮುಖವಾಗಿರುವಂತೆ ಇಟ್ಟು, ಎದೆಯೆಲುಬಿನವರೆಗೆ ಮೆಲ್ಲನೆ ಸಾಗಿಸುತ್ತಾನೆ. ಬೆರಳುಗಳು ಕೆಳಗಿರುವ ಜಠರವನ್ನು ಒತ್ತಿಹಿಡಿದು ದೂರವಿಡುತ್ತವೆ, ಅಲಗು ಚರ್ಮವನ್ನೂ ಅದರಡಿಯ ತೆಳುವಾದ ಸ್ನಾಯುವನ್ನೂ ಒಳಗಿನಿಂದ ಹೊರಕ್ಕೆ ಸೀಳುತ್ತದೆ. ಮೊನೆಯು ಒಂದಿಷ್ಟು ಕೆಳಕ್ಕೆ ಜಾರಿತೆಂದರೆ ಜಠರವು ಒಡೆದು ಒಳಗಿನ ಹಸುರು ರಸವು ಮಾಂಸಕ್ಕೆಲ್ಲ ಹರಡುತ್ತದೆ. ಅಲ್ಲಿಂದ ಮುಂದೆ ಗುದದ ಸುತ್ತಲೂ ಬಿಡಿಸಿ, ಮೂತ್ರಕೋಶವನ್ನು ಒಡೆಯದೆ ಎತ್ತಿ, ಎದೆಗೂ ಹೊಟ್ಟೆಗೂ ನಡುವಣ ವಪೆಯನ್ನು ಪಕ್ಕೆಲುಬಿನ ಅಂಚಿನಲ್ಲಿ ಕತ್ತರಿಸಿ, ಕೈಯನ್ನು ಮೊಣಕೈಯವರೆಗೆ ಎದೆಗೂಡಿನೊಳಕ್ಕೆ ಚಾಚಿ, ಕಣ್ಣಿಗೆ ಕಾಣದ ಎಡೆಯಲ್ಲಿ ಶ್ವಾಸನಾಳವನ್ನು ಕೊಯ್ಯಬೇಕು. ಚೂರಿಯ ಉದ್ದವನ್ನು ನಿರ್ಣಯಿಸತಕ್ಕುದು ಈ ಕಡೆಯ ಕೊಯ್ತವೇ. ಕಾಣದ ಸ್ಥಳದಲ್ಲಿ ತನ್ನ ಬೆರಳಿನ ಪಕ್ಕದಲ್ಲಿಯೇ ಆಡುವ ಅಲಗಿನ ಮೊನೆ ಎಲ್ಲಿದೆಯೆಂಬುದು ಕೈಗೆ ತಿಳಿದಿರಬೇಕು. ತೋರುಬೆರಳನ್ನು ಅಲಗಿನ ಬೆನ್ನಿನ ಮೇಲೆ ಚಾಚಿದರೆ ಅದು ಮೊನೆಯ ಸಮೀಪಕ್ಕೆ ಬರುವಂತಿರಬೇಕು. ಮೂರೂವರೆಯಿಂದ ನಾಲ್ಕು ಅಂಗುಲದ ಅಲಗು ಜಿಂಕೆಗೆ ಸಾಲುತ್ತದೆ. ಮೂಸ್‌ನಂತಹ ಮಹಾಕಾಯದ ಪ್ರಾಣಿಗೆ ಇನ್ನೊಂದು ಅಂಗುಲ ಹೆಚ್ಚಿದ್ದರೆ ಅನುಕೂಲ. ಆರೇಳು ಅಂಗುಲದ ಅಲಗುಗಳು ಚಲನಚಿತ್ರಗಳಲ್ಲಿ ಶೋಭಿಸುವುವೇ ಹೊರತು ಎದೆಗೂಡಿನೊಳಗೆ ಅಪಾಯಕರ.

ಮಡಚುವ ಚಾಕು ಜೇಬಿನಲ್ಲಿ ಹಿಡಿಸುವುದಾದರೂ ಅದರ ಕೀಲಿನೊಳಗೆ ರಕ್ತವೂ ಕೊಬ್ಬೂ ರೋಮವೂ ಸೇರಿಕೊಂಡು, ತೊಳೆದಷ್ಟೂ ಉಳಿದು, ಕೊಳೆಯುತ್ತವೆ. ಹೆಪ್ಪುಗಟ್ಟಿದ ಕೈಯಿಂದ ಅದನ್ನು ಬಿಚ್ಚುವುದೂ ಪ್ರಯಾಸದ ಕೆಲಸ. ಶಸ್ತ್ರಚಿಕಿತ್ಸೆಯ ಅಲಗಿನಂತಹ ತೆಳುವಾದ, ಬದಲಾಯಿಸಬಹುದಾದ ಅಲಗುಗಳ ಚೂರಿಗಳೂ ಈಗ ಬಳಕೆಯಲ್ಲಿವೆ. ಅವುಗಳ ಹರಿತವು ಅಸಾಧಾರಣವಾದುದೇ, ಆದರೆ ಕೀಲಿನ ಬಳಿ ಸ್ವಲ್ಪ ತಿರುಚಿದರೆ ಅಲಗು ಮುರಿದು ಮಾಂಸದೊಳಗೆ ಉಳಿಯುವ ಸಂಭವವುಂಟು. ಮೊದಲ ಚೂರಿಯನ್ನು ಕೊಳ್ಳುವವನಿಗೆ ಒರೆಯಲ್ಲಿಡುವ, ಮಡಚದ, ಒಂದೇ ಅಲಗಿನ ಚೂರಿಯೇ ಯೋಗ್ಯ.

ಮೊನೆಯ ಆಕಾರವನ್ನು ಕುರಿತು ಬೇಟೆಗಾರರಲ್ಲಿ ಬಹಳ ಚರ್ಚೆಯುಂಟು. ಅಲಗಿನ ಬೆನ್ನು ಹಿಡಿಯಿಂದ ಮೊನೆಯ ಕಡೆಗೆ ಕ್ರಮವಾಗಿ ಬಾಗಿಬಂದು, ಮೊನೆಯು ಬೆನ್ನಿನ ಮಟ್ಟಕ್ಕಿಂತ ತಗ್ಗಿನಲ್ಲಿರುವ ಆಕಾರವನ್ನು ಬೇಟೆಯ ಚೂರಿಗಳಲ್ಲಿ ಪ್ರಸಿದ್ಧಿಗೊಳಿಸಿದವನು 2010ರಲ್ಲಿ ತೀರಿಕೊಂಡ ಅಮೆರಿಕದ ಚೂರಿಗಾರ ರಾಬರ್ಟ್ ಲವ್‌ಲೆಸ್. ಅವನ ಕೈಯಿಂದಲೇ ತಯಾರಾದ ಚೂರಿಗಳು ಇಂದು ಸಂಗ್ರಾಹಕರ ಸ್ವತ್ತಾಗಿ ಅಪಾರ ಬೆಲೆಗೆ ಮಾರಾಟವಾಗುತ್ತಿದ್ದರೂ, ಆ ಆಕಾರದ ಗುಣವು ಸಾಧಾರಣ ಬೆಲೆಯ ಚೂರಿಗಳಲ್ಲಿಯೂ ಪೂರ್ಣವಾಗಿ ದೊರೆಯುತ್ತದೆ; ತಗ್ಗಿದ ಮೊನೆಯು ಹೊಟ್ಟೆಯನ್ನು ಸೀಳುವಾಗ ಜಠರಕ್ಕೆ ಚುಚ್ಚುವುದು ಕಡಿಮೆ. ಬೆನ್ನಿನ ಮೇಲೆ ಕೊಕ್ಕೆಯನ್ನು ಕೊರೆದು, ಅದರಿಂದ ಹೊಟ್ಟೆಯನ್ನು ಸೀಳಬಹುದೆಂದು ಮಾರುವ ಚೂರಿಗಳೂ ಇವೆ. ಆ ಕೊಕ್ಕೆ ಹೊಸದರಲ್ಲಿ ಚೆನ್ನಾಗಿ ಕೆಲಸಮಾಡುತ್ತದೆ. ಆದರೆ ಅದರೊಳಬಾಯಿಗೆ ಸಾಣೆಕಲ್ಲು ತಾಗದು, ಅದರಲ್ಲಿ ರೋಮವು ಸಿಕ್ಕಿಕೊಳ್ಳುತ್ತದೆ, ಬೆನ್ನಿನ ಮೇಲೆ ಬೆರಳಿಡಲು ಸ್ಥಳವೂ ಉಳಿಯುವುದಿಲ್ಲ. ಎರಡು ಬೆರಳಿನ ವಿಧಾನವನ್ನು ಕಲಿತವನಿಗೆ ಅದರ ಅಗತ್ಯವಿಲ್ಲ.

ಹರಿತಕ್ಕೆ ಕಾರಣವು ಉಕ್ಕು ಮಾತ್ರವೆಂದು ಅನೇಕರು ತಿಳಿದಿದ್ದಾರೆ. ವಸ್ತುತಃ ಅಲಗಿನ ದಪ್ಪವೂ, ಬೆನ್ನಿನಿಂದ ಬಾಯಿಯವರೆಗೆ ಅದನ್ನು ಕ್ರಮವಾಗಿ ತೆಳುಮಾಡಿರುವ ರೀತಿಯೂ ಉಕ್ಕಿಗಿಂತ ಹೆಚ್ಚಿನ ಪರಿಣಾಮವನ್ನುಂಟುಮಾಡುತ್ತವೆ. ಐದಾರು ಮಿಲಿಮೀಟರು ದಪ್ಪವುಳ್ಳ ಅಲಗು, ಅದರ ಬಾಯಿ ಎಷ್ಟೇ ತೀಕ್ಷ್ಣವಾಗಿದ್ದರೂ, ಮಾಂಸದೊಳಕ್ಕೆ ಹೋದಂತೆ ಬೆಣೆಯಂತೆ ಅದನ್ನು ಅಗಲಿಸುತ್ತ ತಡೆಯುತ್ತದೆ. ಎರಡೂವರೆಯಿಂದ ಮೂರು ಮಿಲಿಮೀಟರಿನ ಅಲಗು ಅದೇ ಕೆಲಸವನ್ನು ಅರ್ಧ ಶ್ರಮದಲ್ಲಿ ಮಾಡುತ್ತದೆ. ದಪ್ಪ ಅಲಗಿನಿಂದ ಸೌದೆಯನ್ನು ಸೀಳಬಹುದು, ಬಾಗಿಲನ್ನು ಮೀಟಬಹುದು ಎಂದು ಹೇಳುವ ಅಂಗಡಿಯವನ ಮಾತು ನಿಜವೇ ಆಗಿರಬಹುದು. ಸತ್ತ ಜಿಂಕೆಯ ಮುಂದೆ ಮೊಣಕಾಲೂರಿ ಕುಳಿತವನಿಗೆ ಅದರಿಂದ ಪ್ರಯೋಜನವಿಲ್ಲ. ಎದೆಯೆಲುಬನ್ನು ಸೀಳಬೇಕೆಂದಿದ್ದರೆ ಅದಕ್ಕೆ ಸಣ್ಣ ಗರಗಸವೇ ತಕ್ಕ ಸಾಧನ.

ಇನ್ನು ಉಕ್ಕಿನ ವಿಚಾರ. ಕಡಿಮೆ ಬೆಲೆಯ ಚೂರಿಗಳಲ್ಲಿ ಎರಡು ಕುಲದ ಉಕ್ಕುಗಳು ಸಿಗುತ್ತವೆ. ಇಂಗಾಲದ ಉಕ್ಕು, ಉದಾಹರಣೆಗೆ ಅಮೆರಿಕದಲ್ಲಿ 1095 ಎಂಬ ಸಂಖ್ಯೆಯಿಂದ ಕರೆಯಲ್ಪಡುವ, ನೂರಕ್ಕೆ 0.95ರಷ್ಟು ಇಂಗಾಲವುಳ್ಳ ಉಕ್ಕು, ಸಾಣೆಗೆ ಸುಲಭವಾಗಿ ಒಲಿದು ಬಹು ನಯವಾದ ಬಾಯಿಯನ್ನು ಪಡೆಯುತ್ತದೆ. ಆದರೆ ರಕ್ತದ ಉಪ್ಪಿನಂಶವೂ ತೇವವೂ ತಾಗಿದ ಕೆಲವೇ ಗಂಟೆಗಳಲ್ಲಿ ಅದಕ್ಕೆ ತುಕ್ಕು ಕಾಣಿಸಿಕೊಳ್ಳುತ್ತದೆ. ಮತ್ತೊಂದು, 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದ ಹ್ಯಾರಿ ಬ್ರಿಯರ್ಲಿಯ ಪ್ರಯೋಗದಿಂದ ಪ್ರಸಿದ್ಧಿಗೆ ಬಂದ, ಕ್ರೋಮಿಯಂ ಬೆರೆತ ತುಕ್ಕುನಿರೋಧಕ ಉಕ್ಕು. ಸ್ವೀಡನ್ನಿನ 12ಸಿ27 ಎಂಬ ಉಕ್ಕಿನಲ್ಲಿ ಸುಮಾರು 0.6 ಭಾಗ ಇಂಗಾಲವೂ 13.5 ಭಾಗ ಕ್ರೋಮಿಯಮೂ ಇವೆ. ಅಮೆರಿಕದಲ್ಲಿ ವಿಶೇಷವಾಗಿ ಬಳಸುವ 420ಎಚ್‌ಸಿ ಎಂಬುದರಲ್ಲಿ ಇಂಗಾಲವು ಇನ್ನೂ ಸ್ವಲ್ಪ ಕಡಿಮೆ. ಇವೆರಡೂ ತೀರ ಸಾಧಾರಣವೆಂದು ಗಣಿಸಲ್ಪಡುವ ಉಕ್ಕುಗಳು. ಆದರೂ, ಒಂದು ಜಿಂಕೆಯನ್ನು ಹಸನುಮಾಡಿ, ಚರ್ಮ ಸುಲಿದು, ತೊಡೆ ಹೆಗಲುಗಳನ್ನು ಬಿಡಿಸುವವರೆಗೆ, ನಡುವೆ ಒಮ್ಮೆ ಸಾಣೆಯನ್ನು ತಾಗಿಸಿದರೆ, ಇವುಗಳ ಹರಿತವು ಧಾರಾಳವಾಗಿ ಸಾಲುತ್ತದೆ.

ಉಕ್ಕಿನ ಹೆಸರಿಗಿಂತ ಮುಖ್ಯವಾದುದು ಅದರ ಹದ. ಕೆಂಪಗೆ ಕಾಸಿ, ತಟ್ಟನೆ ತಣಿಸಿ, ಮತ್ತೆ ಮಿತವಾದ ಶಾಖದಲ್ಲಿಟ್ಟು ಹದಗೊಳಿಸುವ ಕ್ರಮದಲ್ಲಿ ಲೋಪವಾದರೆ ಶ್ರೇಷ್ಠವಾದ ಉಕ್ಕೂ ಮೆತ್ತಗಾಗುತ್ತದೆ ಇಲ್ಲವೆ ಗಾಜಿನಂತೆ ಪೆಡಸಾಗುತ್ತದೆ. ಈ ಗಡಸುತನವನ್ನು ಅಳೆಯಲು ಅಮೆರಿಕದ ಕನೆಕ್ಟಿಕಟ್ ರಾಜ್ಯದ ರಾಕ್‌ವೆಲ್ ಎಂಬ ಹೆಸರಿನ ಇಬ್ಬರು 1914ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದ ಯಂತ್ರದ ಅಳತೆಯೇ ಇಂದಿಗೂ ಬಳಕೆಯಲ್ಲಿದೆ. ವಜ್ರದ ಮೊನೆಯನ್ನು 150 ಕಿಲೋಗ್ರಾಂ ಭಾರದಿಂದ ಉಕ್ಕಿನೊಳಕ್ಕೆ ಒತ್ತಿ, ಅದು ಎಷ್ಟು ಆಳಕ್ಕೆ ಇಳಿಯಿತೆಂಬುದನ್ನು ನೋಡಿ ಅಂಕವನ್ನು ಕೊಡುತ್ತಾರೆ. ಬೇಟೆಯ ಚೂರಿಗೆ ಈ ಅಳತೆಯಲ್ಲಿ 56ರಿಂದ 60ರವರೆಗಿನ ಅಂಕವು ಸಮರ್ಪಕ. ತಯಾರಕನು ಉಕ್ಕಿನ ಹೆಸರನ್ನೂ ಈ ಅಂಕವನ್ನೂ ಬಹಿರಂಗವಾಗಿ ಹೇಳಿದ್ದಾನೆಯೇ ಎಂಬುದನ್ನು ನೋಡುವುದು ಒಳ್ಳೆಯ ಪರೀಕ್ಷೆ. ‘ಶಸ್ತ್ರಚಿಕಿತ್ಸೆಯ ಉಕ್ಕು’ ಎಂದಷ್ಟೇ ಕೆತ್ತಿರುವ, ಹಲ್ಲುಹಲ್ಲಾದ ಬೆನ್ನೂ ಟೊಳ್ಳಾದ ಹಿಡಿಯೂ ಉಳ್ಳ ಚೂರಿಯನ್ನು ಎಷ್ಟು ಅಗ್ಗವಾಗಿ ಕೊಟ್ಟರೂ ಕೊಳ್ಳಬಾರದು.

ಅಗ್ಗವೂ ಉತ್ತಮವೂ ಆದ ಚೂರಿಗೆ ಒಂದು ಉದಾಹರಣೆಯನ್ನು ಕೊಡಬೇಕಾದರೆ ನಾನು ಸಂಕೋಚವಿಲ್ಲದೆ ಸ್ವೀಡನ್ನಿನ ಮೋರಾ ಚೂರಿಯನ್ನು ಹೆಸರಿಸುತ್ತೇನೆ. ಆ ದೇಶದ ದಾಲಾರ್ನಾ ಪ್ರಾಂತದಲ್ಲಿ, ಸಿಲ್ಯಾನ್ ಸರೋವರದ ದಡದಲ್ಲಿರುವ ಮೋರಾ ಊರು ಬಹುಕಾಲದಿಂದ ಚೂರಿಗಾರರ ನೆಲೆ. ಉತ್ತರ ಅಮೆರಿಕದಲ್ಲಿ ಕೆಲವು ವರ್ಷ ದುಡಿದು ಹಿಂದಿರುಗಿದ ಫ್ರಾಸ್ಟ್ ಎರಿಕ್ ಎರ್ಸನ್ ಎಂಬಾತನು 1891ರಲ್ಲಿ ಮೋರಾದ ಬಳಿಯ ಎಸ್ಟ್‌ನೂರ್ ಎಂಬ ಹಳ್ಳಿಯಲ್ಲಿ ಕಾರ್ಖಾನೆಯೊಂದನ್ನು ಸ್ಥಾಪಿಸಿದನು; 1912ರಲ್ಲಿ ಮತ್ತೊಂದು ಕಾರ್ಖಾನೆಯೂ ಅಲ್ಲಿಯೇ ತಲೆಯೆತ್ತಿತು; 2005ರಲ್ಲಿ ಎರಡೂ ಒಂದಾದವು. ಬಡಗಿ, ಮೀನುಗಾರ, ಸೈನಿಕ ಎಲ್ಲರೂ ದಿನನಿತ್ಯ ಬಳಸುವ ಈ ಚೂರಿಗಳಲ್ಲಿ ‘ಕಂಪ್ಯಾನಿಯನ್’ ಎಂಬುದು ಅಮೆರಿಕದಲ್ಲಿ ಸುಮಾರು 20 ಡಾಲರಿಗೆ ಸಿಗುತ್ತದೆ: ನಾಲ್ಕು ಅಂಗುಲಕ್ಕಿಂತ ತುಸು ಉದ್ದದ, ಎರಡೂವರೆ ಮಿಲಿಮೀಟರು ದಪ್ಪದ ಅಲಗು, ರಬ್ಬರಿನಂತಹ ಹೊದಿಕೆಯ ಹಿಡಿ, ಪ್ಲಾಸ್ಟಿಕ್ಕಿನ ಒರೆ. ನೋಟಕ್ಕೆ ಬಡಪಾಯಿಯಂತಿದ್ದರೂ ಅದರ ಹದವನ್ನು ದೂರುವವರನ್ನು ಕಾಣುವುದು ಅಪರೂಪ. ಇದಕ್ಕೊಂದು ನ್ಯೂನತೆಯನ್ನೂ ಹೇಳಲೇಬೇಕು. ಈ ಉತ್ತರದ ನಾಡುಗಳ ಸಂಪ್ರದಾಯದಂತೆ ಅಲಗನ್ನು ಎರಡು ಮಗ್ಗುಲಿನಲ್ಲೂ ಒಂದೇ ಇಳಿಜಾರಿನಿಂದ ಬಾಯಿಯವರೆಗೆ ತೆಗೆದಿರುವುದರಿಂದ ಅದು ಮರಗೆಲಸಕ್ಕೆ ಅತ್ಯುತ್ತಮ. ಎಲುಬಿಗೆ ಬಲವಾಗಿ ತಗುಲಿದರೆ ಮಾತ್ರ ಆ ತೆಳುವಾದ ಬಾಯಿ ಮಡಚಿಕೊಳ್ಳುವ ಸಂಭವವಿದೆ. ಬಾಯಿಯ ಕಟ್ಟಕಡೆಯಲ್ಲಿ ಸ್ವಲ್ಪ ಹೆಚ್ಚಿನ ಕೋನದ ಕಿರು ಅಂಚನ್ನು ಸಾಣೆಯಿಂದ ಕೊಟ್ಟುಕೊಂಡರೆ ಈ ದೋಷವು ಪರಿಹಾರವಾಗುತ್ತದೆ.

ಇದರ ಮೂರು ನಾಲ್ಕು ಪಟ್ಟು ಹಣವನ್ನು ಕೊಡಬಲ್ಲವರಿಗೆ ಅಮೆರಿಕದ ಬಕ್ ಚೂರಿಗಳುಂಟು. 1902ರಲ್ಲಿ ಕ್ಯಾನ್ಸಸ್ ರಾಜ್ಯದಲ್ಲಿ ಕಮ್ಮಾರನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಹಾಯ್ಟ್ ಬಕ್ ಎಂಬ ಹುಡುಗನು ಉಕ್ಕನ್ನು ಹದಗೊಳಿಸುವ ಉತ್ತಮ ಕ್ರಮವೊಂದನ್ನು ಕಂಡುಕೊಂಡುದರಿಂದ ಆರಂಭವಾದ ಈ ಮನೆತನದ ಉದ್ಯಮವು ಈಗ ಐಡಾಹೋ ರಾಜ್ಯದಲ್ಲಿ ನೆಲೆಗೊಂಡಿದೆ. 119 ಎಂಬ ಸಂಖ್ಯೆಯ, ಆರು ಅಂಗುಲದ ಇವರ ಚೂರಿಯು ಬಹಳ ಪ್ರಖ್ಯಾತವಾದರೂ ನಾನು ಮೇಲೆ ಹೇಳಿದ ಕಾರಣದಿಂದ ಜಿಂಕೆಯ ಕೆಲಸಕ್ಕೆ ಅದು ಉದ್ದವಾಯಿತು; 102 ಎಂಬ ನಾಲ್ಕು ಅಂಗುಲದ ಚೂರಿಯೇ ಮೇಲು. ಇದಕ್ಕಿಂತ ಹೆಚ್ಚಿನ ಬೆಲೆಯು ಕೊಡುವುದೇನಿದ್ದರೂ ಮುಖ್ಯವಾಗಿ ಅಂದ, ಅಪರೂಪದ ಮರ ಅಥವಾ ಕೊಂಬಿನ ಹಿಡಿ, ಮತ್ತು ಮಾಡಿದವನ ಹೆಸರು; ಇವುಗಳನ್ನು ಪ್ರೀತಿಸುವುದು ತಪ್ಪಲ್ಲ, ಆದರೆ ಮಾಂಸದ ಶುಚಿಗೆ ಇವು ಏನನ್ನೂ ಕೂಡಿಸುವುದಿಲ್ಲ.

ಹಿಡಿಯನ್ನು ಕುರಿತು ನಿರ್ಧರಿಸುವಾಗ, ಅಂಗಡಿಯಲ್ಲಿ ಒಣಗಿದ ಕೈಯಿಂದ ಹಿಡಿದು ನೋಡಿದುದನ್ನು ನಂಬಬಾರದು. ಹಸನುಮಾಡುವಾಗ ಕೈಗೆ ತೆಳುವಾದ ರಬ್ಬರ್ ಗವಸು, ಅದರ ಮೇಲೆ ರಕ್ತ, ಅದಕ್ಕೂ ಮೇಲೆ ಕರಗಿದ ಕೊಬ್ಬು. ನುಣ್ಣಗೆ ಮೆರುಗುಕೊಟ್ಟ ಮರದ ಹಿಡಿ ಆಗ ಸಾಬೂನಿನಷ್ಟು ಜಾರುತ್ತದೆ. ಒರಟಾದ ಮೈ, ಬೆರಳು ಅಲಗಿನ ಮೇಲಕ್ಕೆ ಜಾರದಂತೆ ತಡೆಯುವ ಉಬ್ಬು, ಅಂಗೈಯನ್ನು ತುಂಬುವಷ್ಟು ಗಾತ್ರ, ಇವು ಅವಶ್ಯಕ. ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಪೂರ್ತಿ ಅಗಲದಲ್ಲಿ ಹೋಗಿರಲೇಬೇಕೆಂದು ಕೆಲವರು ಹಟಹಿಡಿಯುತ್ತಾರೆ. ಮೋರಾ ಚೂರಿಯಲ್ಲಿ ಅದು ಹಿಡಿಯ ಒಳಗೆಯೇ ನಿಂತುಬಿಡುತ್ತದೆ; ಆದರೂ ಕೊಯ್ಯುವ ಕೆಲಸದಲ್ಲಿ ಅದರಿಂದ ತೊಂದರೆಯಿಲ್ಲ. ಕಪ್ಪು ಹಸುರು ಬಣ್ಣದ ಹಿಡಿಗಿಂತ ಕಿತ್ತಳೆಯ ಬಣ್ಣದ ಹಿಡಿ ವಿವೇಕದ ಆಯ್ಕೆ, ಏಕೆಂದರೆ ಕತ್ತಲಾಗುವ ಹೊತ್ತಿನಲ್ಲಿ ಒಣಗಿದ ಎಲೆಗಳ ನಡುವೆ ಕೆಳಗಿಟ್ಟ ಚೂರಿಯನ್ನು ಹುಡುಕುವುದು ಕಷ್ಟ, ತಿಳಿಯದೆ ಅದರ ಮೇಲೆ ಮೊಣಕಾಲೂರುವುದು ಸುಲಭ. ಒರೆಯು ತಲೆಕೆಳಗಾದರೂ ಚೂರಿ ಬೀಳದಷ್ಟು ಬಿಗಿಯಾಗಿರಬೇಕು, ಬಿಸಿನೀರಿನಿಂದ ತೊಳೆಯುವಂತಿರಬೇಕು. ಚರ್ಮದ ಒರೆ ಚೆಲುವಾದುದಾದರೂ ರಕ್ತವನ್ನು ಹೀರಿಕೊಳ್ಳುತ್ತದೆ, ಚೂರಿಯನ್ನು ವರ್ಷವಿಡೀ ಅದರಲ್ಲಿಯೇ ಇಟ್ಟರೆ ಅಲಗಿಗೆ ತುಕ್ಕು ಹಿಡಿಯುತ್ತದೆ.

ಚೂರಿಯಲ್ಲಿ ಉಳಿಸಿದ ಹಣದಲ್ಲಿ ಒಂದು ಒಳ್ಳೆಯ ಸಾಣೆಕಲ್ಲನ್ನು ಕೊಳ್ಳಬೇಕೆಂಬುದು ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯವಾದ ಮಾತು. ಮೊಂಡಾದ ನೂರು ಡಾಲರಿನ ಚೂರಿಗಿಂತ ಹರಿತವಾದ ಇಪ್ಪತ್ತು ಡಾಲರಿನ ಚೂರಿ ಹೆಚ್ಚು ಕೆಲಸಮಾಡುವುದಲ್ಲದೆ ಹೆಚ್ಚು ಸುರಕ್ಷಿತವೂ ಹೌದು, ಏಕೆಂದರೆ ಮೊಂಡಾದುದನ್ನು ಒತ್ತಿ ಹಿಡಿಯಬೇಕಾಗುತ್ತದೆ, ಒತ್ತಿದುದು ಜಾರಿದಾಗ ಎಲ್ಲಿಗೆ ಹೋಗುವುದೆಂದು ಹೇಳಲಾಗದು. ಒಂದು ಮುಖ ಒರಟು, ಇನ್ನೊಂದು ನಯವಾಗಿರುವ ಕಲ್ಲು ಸಾಕು. ಅಲಗನ್ನು ಕಲ್ಲಿಗೆ ಸುಮಾರು 20 ಡಿಗ್ರಿಯ ಕೋನದಲ್ಲಿ ಹಿಡಿದು, ಕೋನವು ಬದಲಾಗದಂತೆ ಒಂದೇ ಮಗ್ಗುಲನ್ನು ಉಜ್ಜುತ್ತ ಹೋದರೆ, ಎದುರು ಮಗ್ಗುಲಿನ ಅಂಚಿನಲ್ಲಿ, ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಬಾಯಿಯ ಹೊರಕ್ಕೆ ಮೆಲ್ಲನೆ ಸವರಿದಾಗ, ಕೂದಲೆಳೆಯಷ್ಟು ಒರಟಾದ ಅಂಚೊಂದು ಕೈಗೆ ಸಿಗುತ್ತದೆ. ಅದು ಹಿಡಿಯಿಂದ ಮೊನೆಯವರೆಗೆ ಅಖಂಡವಾಗಿ ಸಿಕ್ಕಿದ ಬಳಿಕವೇ ಚೂರಿಯನ್ನು ಮಗುಚಬೇಕು. ಅದಕ್ಕೆ ಮುಂಚೆಯೇ ಮಗುಚುವುದರಿಂದಲೇ ಹೆಚ್ಚಿನವರ ಚೂರಿಗಳು ಎಷ್ಟು ಉಜ್ಜಿದರೂ ಹರಿತವಾಗದಿರುವುದು. ಎರಡನೆಯ ಮಗ್ಗುಲನ್ನೂ ಹೀಗೆಯೇ ಮಾಡಿ, ನಯವಾದ ಮುಖದ ಮೇಲೆ ಹಗುರವಾಗಿ ಒಂದೊಂದು ಸಲ ಮಗುಚುತ್ತ ಸವರಿ, ಕೊನೆಗೆ ಹಳೆಯ ಚರ್ಮದ ಸೊಂಟಪಟ್ಟಿಯ ಒರಟು ಮಗ್ಗುಲಿನ ಮೇಲೆ ಬೆನ್ನು ಮುಂದಾಗಿ ಎಳೆದರೆ ಆ ಒರಟು ಅಂಚು ಉದುರಿಹೋಗುತ್ತದೆ. ಕಾಡಿನಲ್ಲಿ ಹರಿತವು ಉಳಿಯಬೇಕಾದರೆ ರೋಮವನ್ನು ಹೊರಗಿನಿಂದ ಕೊಯ್ಯದೆ, ಯಾವಾಗಲೂ ಚರ್ಮದ ಒಳಮಗ್ಗುಲಿನಿಂದ ಹೊರಕ್ಕೆ ಕೊಯ್ಯಬೇಕು. ರೋಮದಲ್ಲಿ ಸೇರಿಕೊಂಡಿರುವ ಮಣ್ಣೂ ಮರಳೂ ಎಂತಹ ಬಾಯಿಯನ್ನೂ ಮೊಂಡುಮಾಡುತ್ತವೆ.

ಶುಚಿಯ ವಿಷಯದಲ್ಲಿ ಈಗಿನ ಬೇಟೆಗಾರನಿಗೆ ಹಿಂದಿನವರಿಗಿಲ್ಲದ ಒಂದು ಚಿಂತೆ ಸೇರಿಕೊಂಡಿದೆ. 1967ರಲ್ಲಿ ಕೊಲರಾಡೊ ರಾಜ್ಯದ ಸಂಶೋಧನಾ ಕೇಂದ್ರವೊಂದರ ಜಿಂಕೆಗಳಲ್ಲಿ ಮೊದಲು ಗೋಚರಿಸಿದ, ಪ್ರಾಣಿಯನ್ನು ಕ್ರಮೇಣ ಕೃಶಗೊಳಿಸಿ ಕೊಲ್ಲುವ ಮಿದುಳಿನ ರೋಗವು ಇಂದು ಅಮೆರಿಕದ ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಹರಡಿದೆ. 2016ರಲ್ಲಿ ನಾರ್ವೆಯ ಹಿಮಸಾರಂಗಗಳಲ್ಲಿಯೂ ಕಂಡುಬಂದಿತು. ಮನುಷ್ಯನಿಗೆ ಅದು ತಗುಲಿದ ನಿದರ್ಶನವಿಲ್ಲವಾದರೂ, ಅದಕ್ಕೆ ಕಾರಣವಾದ ಪ್ರಿಯಾನ್ ಎಂಬ ವಿಕೃತ ಪ್ರೋಟೀನು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಆದುದರಿಂದ ಅಂತಹ ಪ್ರದೇಶಗಳಲ್ಲಿ ಮಿದುಳು ಬೆನ್ನುಹುರಿಗಳಿಗೆ ಚೂರಿಯನ್ನು ತಾಗಿಸಬಾರದು, ಕೈಗೆ ಗವಸು ಇರಲೇಬೇಕು, ಪ್ರಾಣಿಯನ್ನು ಸರ್ಕಾರದ ಪರೀಕ್ಷೆಗೆ ಒಪ್ಪಿಸಬೇಕು. ಮನೆಯಲ್ಲಿ ಬಳಸುವ ಬ್ಲೀಚನ್ನು ನೂರಕ್ಕೆ ನಲವತ್ತರ ಪ್ರಮಾಣದಲ್ಲಿ ನೀರಿಗೆ ಬೆರೆಸಿ ಐದು ನಿಮಿಷ ನೆನೆಸಿಟ್ಟರೆ ತುಕ್ಕುನಿರೋಧಕ ಉಕ್ಕಿನ ಮೇಲಿನ ಪ್ರಿಯಾನುಗಳು ನಾಶವಾಗುವುವೆಂದು ಅಮೆರಿಕದ ಸರ್ಕಾರಿ ವಿಜ್ಞಾನಿಗಳು 2019ರಲ್ಲಿ ತೋರಿಸಿಕೊಟ್ಟರು. ಆದರೆ ಬ್ಲೀಚು ಮಾಂಸದ ತುಣುಕಿನ ಒಳಕ್ಕೆ ಇಳಿಯದಾದುದರಿಂದ ಮೊದಲು ಅಲಗನ್ನು ಉಜ್ಜಿ ತೊಳೆದಿರಬೇಕು. ಅದೇ ಬ್ಲೀಚು ಉಕ್ಕನ್ನೂ ತಿನ್ನುತ್ತದೆ. ಕೂಡಲೇ ಬೇರೆ ನೀರಿನಲ್ಲಿ ತೊಳೆದು, ಒರಸಿ, ಎಣ್ಣೆ ಸವರಬೇಕು. ಇಲ್ಲಿಯೂ ಸಂದುಗೊಂದುಗಳಿಲ್ಲದ, ತುಕ್ಕುನಿರೋಧಕ ಅಲಗಿನ, ಪ್ಲಾಸ್ಟಿಕ್ ಹಿಡಿಯ ಅಗ್ಗದ ಚೂರಿಗೇ ಮೇಲುಗೈ.

ಕಾನೂನನ್ನು ಕುರಿತು ಎರಡು ಮಾತು. ಇಂಗ್ಲೆಂಡಿನಲ್ಲಿಯೂ ಸ್ವೀಡನ್ನಿನಲ್ಲಿಯೂ 1988ರ ಕಾನೂನುಗಳ ಪ್ರಕಾರ ಸಕಾರಣವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಇಂತಹ ಚೂರಿಯನ್ನು ಇಟ್ಟುಕೊಳ್ಳುವುದು ಅಪರಾಧ. ಬೇಟೆ ಮುಗಿದೊಡನೆ ಅದನ್ನು ಸೊಂಟದಿಂದ ತೆಗೆದು ಚೀಲದೊಳಗೆ ಇಡಬೇಕು. ಅಮೆರಿಕದಲ್ಲಿ ರಾಜ್ಯ ರಾಜ್ಯಕ್ಕೂ ನಿಯಮ ಬೇರೆ. ಊರಿಗೆ ತರಬೇಕೆಂದಿದ್ದರೆ ವಿಮಾನದೊಳಗಿನ ಕೈಚೀಲದಲ್ಲಿ ಅದಕ್ಕೆ ಸರ್ವಥಾ ಅವಕಾಶವಿಲ್ಲ, ಒಪ್ಪಿಸುವ ಪೆಟ್ಟಿಗೆಯಲ್ಲಿ ಒರೆಸಹಿತವಾಗಿ ಭದ್ರವಾಗಿ ಸುತ್ತಿ ಇಡತಕ್ಕದ್ದು.

ಕೊನೆಯದಾಗಿ, ಕೊಳ್ಳುವ ಕಾಲ. ಬೇಟೆಯ ಋತುವಿನ ಹಿಂದಿನ ದಿನ ಕೊಳ್ಳದೆ, ಬೇಸಗೆಯಲ್ಲಿಯೇ ಕೊಂಡು, ಎಲೆ ಉದುರುವ ಕಾಲದವರೆಗೆ ಅದನ್ನು ಅಡುಗೆಮನೆಯಲ್ಲಿ ಬಳಸಬೇಕು. ಇಡಿಯ ಕೋಳಿಯನ್ನು ತಂದು ಕೀಲುಕೀಲಾಗಿ ಬಿಡಿಸುವುದು, ಊರಿನ ಹಲಾಲ್ ಅಂಗಡಿಯಿಂದ ಆಡಿನ ಇಡೀ ತೊಡೆಯನ್ನು ಕತ್ತರಿಸದೆ ತಂದು ಎಲುಬಿನಿಂದ ಮಾಂಸವನ್ನು ಬೇರ್ಪಡಿಸುವುದು, ಇವೆರಡೂ ಅತ್ಯುತ್ತಮವಾದ ಅಭ್ಯಾಸಗಳು, ಏಕೆಂದರೆ ಆಡಿನ ಎಲುಬು ಕೀಲುಗಳ ರಚನೆಯು ಜಿಂಕೆಯದಕ್ಕೆ ಬಹುಮಟ್ಟಿಗೆ ಸಮಾನವಾದುದು. ತೊಡೆಯ ಗುಂಡೆಲುಬು ಸೊಂಟದ ಗುಳಿಯಲ್ಲಿ ಕೂಡಿರುವ ಎಡೆಯನ್ನು ಮೊನೆಯಿಂದ ತಡಕಿ, ನಡುವಣ ಅಸ್ಥಿರಜ್ಜುವನ್ನು ಕಡಿದರೆ ಕಾಲು ತಾನಾಗಿಯೇ ಬಿಟ್ಟುಬರುತ್ತದೆ. ಆಡಿನಲ್ಲಿ ಆ ಸ್ಥಳವನ್ನು ಹಗಲು ಬೆಳಕಿನಲ್ಲಿ, ಮೇಜಿನ ಮೇಲೆ ಕಂಡುಕೊಂಡವನಿಗೆ ನವೆಂಬರಿನ ಸಂಜೆಯ ಮಬ್ಬಿನಲ್ಲಿ ಅದನ್ನು ಹುಡುಕಬೇಕಾಗಿ ಬರುವುದಿಲ್ಲ, ಮತ್ತು ಆ ಹೊತ್ತಿಗೆ ತನ್ನ ಚೂರಿಯ ಬಾಯಿ ಎಷ್ಟು ಕೆಲಸದ ಮೇಲೆ ಸಾಣೆಯನ್ನು ಬೇಡುತ್ತದೆಂಬುದೂ ಅವನಿಗೆ ಗೊತ್ತಿರುತ್ತದೆ.